ಗ್ಲೌಸ್ ಪಂಡಿತರು

ಬೆಂಗಳೂರಿನ ಯಾವ ಬಾಕ್ಸಿಂಗ್ ಜಿಮ್ಮಿಗೆ ಹೋದರೂ ಮೂರು ಗ್ಯಾರಂಟಿ: ಹೊಟ್ಟೆ ಹರಿದು ಟೇಪು ಸುತ್ತಿಸಿಕೊಂಡ ಒಂದು ಪಂಚಿಂಗ್ ಬ್ಯಾಗು, ಗೋಡೆಯ ಮೇಲೆ ಮಹಮ್ಮದ್ ಅಲಿಯ ಒಂದು ಪೋಸ್ಟರು, ಮತ್ತು ಒಬ್ಬರು ಗ್ಲೌಸ್ ಪಂಡಿತರು. ಮೊದಲಿನ ಎರಡಕ್ಕೆ ಬಾಯಿಲ್ಲ.

ಪಂಡಿತರ ವಯಸ್ಸು ಮೂವತ್ತೈದರಿಂದ ನಲವತ್ತೈದರ ನಡುವೆ ಎಲ್ಲೋ ನಿಂತುಬಿಟ್ಟಿರುತ್ತದೆ. ಕೆಲಸ ಸಾಫ್ಟ್‌ವೇರಿನದೋ ಬ್ಯಾಂಕಿನದೋ. ನಮ್ಮ ಪಂಡಿತರು 2019ರಲ್ಲಿ ಸುದೀಪರ ‘ಪೈಲ್ವಾನ್’ ನೋಡಿ ಬಂದ ವಾರವೇ ಜಿಮ್ಮಿಗೆ ದುಡ್ಡು ಕಟ್ಟಿದವರು. ಅದೇ ಹುರುಪಿನಲ್ಲಿ ಸೇರಿದ್ದ ಉಳಿದವರೆಲ್ಲ ಮೂಗಿಗೆ ಒಂದೊಂದು ಏಟು ಬಿದ್ದ ಮೇಲೆ ಬ್ಯಾಡ್ಮಿಂಟನ್ನಿಗೆ ಹೋದರು. ಪಂಡಿತರು ಉಳಿದರು, ಮೂಗೂ ಉಳಿಯಿತು. ಬ್ಯಾಗಿಗೆ ಹೊಡೆದರೆ ಬ್ಯಾಗು ತಿರುಗಿ ಹೊಡೆಯುವುದಿಲ್ಲ. ಸ್ಪಾರಿಂಗಿನಲ್ಲಿ ಎದುರಿಗಿರುವವನು ಹೊಡೆಯುತ್ತಾನೆ. ಅಂಥ ಜವಾಬ್ದಾರಿಯ ಕೆಲಸಕ್ಕೆ ಇಳಿಯುವ ಮುಂಚೆ ಒಂದು ವಿಚಾರ ಇತ್ಯರ್ಥ ಆಗಬೇಕಲ್ಲ? ಕೈಗೆ ದಾರ ಬಿಗಿಯುವ ಲೇಸ್ ಗ್ಲೌಸೋ, ಪಟ್ಟಿ ಎಳೆದು ಅಂಟಿಸುವ ವೆಲ್ಕ್ರೋ ಗ್ಲೌಸೋ?

ಹೊಸದಾಗಿ ಸೇರಿದ ಯಾವನೋ ಎಂಜಿನಿಯರಿಂಗ್ ಹುಡುಗ, “ಸರ್, ಸ್ಪಾರಿಂಗಿಗೆ ಯಾವ ಗ್ಲೌಸ್ ತಗೋಬೇಕು?” ಎಂದು ಕೇಳಿದನೆನ್ನಿ. ಸುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ಸ್ಕಿಪ್ಪಿಂಗ್ ಹಗ್ಗ ಹುಡುಕುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಾರೆ. ಪಂಡಿತರು ಅವನ ಹೆಗಲ ಮೇಲೆ ಕೈಯಿಡುತ್ತಾರೆ.

“ಕೂತ್ಕೋಪ್ಪ. 1867ರಿಂದ ಶುರು ಮಾಡೋಣ.”

ಆ ವರ್ಷ ಇಂಗ್ಲೆಂಡಿನಲ್ಲಿ ಕ್ವೀನ್ಸ್‌ಬೆರಿ ನಿಯಮಗಳು ಬಂದದ್ದು, ಬರಿಗೈ ಗುದ್ದಾಟ ಹೋಗಿ ಗ್ಲೌಸ್ ಕಡ್ಡಾಯವಾದದ್ದು, ಎಲ್ಲ ಮುಗಿದ ಮೇಲೆ ವೆಲ್ಕ್ರೋ ಪುರಾಣ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತಮ್ಮ ನಾಯಿಯ ರೋಮಕ್ಕೆ ಅಂಟಿದ್ದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರಂತೆ. ಅದರ ಕೊಕ್ಕೆಗಳನ್ನು ನೋಡಿಯೇ ಈ ಪಟ್ಟಿ ಹುಟ್ಟಿದ್ದಂತೆ. “ನಮ್ಮೂರಲ್ಲಿ ಪಂಚೆ ತುಂಬಾ ಉತ್ತರಾಣಿ ಅಂಟಿಸ್ಕೊಂಡು ಬರ್ತಿದ್ವಿ. ಕಿತ್ತು ಬಿಸಾಕಿದ್ವೇ ಹೊರತು ಒಬ್ಬನಿಗಾದ್ರೂ ಪೇಟೆಂಟ್ ತಗೋಬೇಕು ಅನ್ನಿಸ್ತಾ?” ಎಂದು ಪಂಡಿತರು ನಿಟ್ಟುಸಿರು ಬಿಡುವ ಹೊತ್ತಿಗೆ ಹುಡುಗನ ಕೊನೆಯ ಮೆಟ್ರೋ ಹೋಗಿರುತ್ತದೆ.

ಪಂಡಿತರು ಹೇಳುವುದರಲ್ಲಿ ಸುಳ್ಳಿರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಸೋಮವಾರ ಅವರು ಲೇಸಿನ ಕಡೆ. “ಪ್ರೊಫೆಷನಲ್ ಫೈಟ್ ನೋಡು, ಎಲ್ಲರ ಕೈಯಲ್ಲೂ ದಾರವೇ. ಮಣಿಕಟ್ಟನ್ನ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಹಿಡಿಯುತ್ತೆ. ಗಂಟಿನ ಮೇಲೆ ಟೇಪು ಸುತ್ತಿದರೆ ಮುಗೀತು, ಹನ್ನೆರಡು ರೌಂಡೂ ಅಲುಗಾಡಲ್ಲ. ಲೇಸೇ ಲೇಸು!” ಬುಧವಾರ ವೆಲ್ಕ್ರೋ ಕಡೆ. “ಒಲಿಂಪಿಕ್ಸ್ ನೋಡು. ಟೋಕಿಯೋದಲ್ಲಿ ನಮ್ಮ ಲವ್ಲೀನಾ ಕಂಚು ಗೆದ್ದಿದ್ದು ಯಾವುದರಲ್ಲಿ? ವೆಲ್ಕ್ರೋದಲ್ಲಿ! ಮೂರು ನಿಮಿಷದ ಮೂರು ರೌಂಡು, ಪಟ್ಟಂತ ಹಾಕು, ಪಟ್ಟಂತ ಬಿಚ್ಚು.” ಇಷ್ಟು ಸಲೀಸಾಗಿ ಪಕ್ಷಾಂತರ ಮಾಡುವುದು ವಿಧಾನಸೌಧದವರಿಗೂ ಕಷ್ಟ, ಅವರಿಗಾದರೂ ನಡುವೆ ಒಂದು ರೆಸಾರ್ಟು ಬೇಕಾಗುತ್ತದೆ.

ಲೇಸಿನ ದಿನ ಪಂಡಿತರು ಬಾಗಿಲಲ್ಲಿ ಕಂಡರೆ ಸಾಕು, ಜಿಮ್ಮಿನಲ್ಲಿ ಎಲ್ಲರಿಗೂ ಏಕಕಾಲಕ್ಕೆ ಬಾಯಾರಿಕೆ. ಯಾಕೆಂದರೆ ಲೇಸನ್ನು ತಾನೇ ಕಟ್ಟಿಕೊಳ್ಳಲಾಗುವುದಿಲ್ಲ. ಮೊದಲ ಕೈಗೆ ಹಲ್ಲಿನಿಂದಾದರೂ ಎಳೆದುಕೊಳ್ಳಬಹುದು, ಎರಡನೆಯದಕ್ಕೆ ಪರರ ಉಪಕಾರವೇ ಗತಿ. ಸಿಕ್ಕಿಬಿದ್ದವನು ಕಟ್ಟುತ್ತಾನೆ. “ಸ್ವಲ್ಪ ಸಡಿಲ ಆಯ್ತು ಮಾರಾಯ.” ಬಿಚ್ಚಿ ಬಿಗಿಯುತ್ತಾನೆ. “ಅಯ್ಯೋ, ಬೆರಳು ಜೋಮು ಹಿಡೀತು!” ಮತ್ತೆ ಬಿಚ್ಚುತ್ತಾನೆ. ಅಂತೂ ಕಟ್ಟಿ ಮುಗಿಯಿತೆನ್ನುವಾಗ ಮೂಗು ತುರಿಸುತ್ತದೆ, ಫೋನು ಬಡಿದುಕೊಳ್ಳುತ್ತದೆ. “ಮನೆಯವಳ ಫೋನು, ಸ್ವಲ್ಪ ಕಿವಿಗೆ ಹಿಡಿ.” ಮಾತು ಮುಗಿದಾಗ ರೌಂಡಿನ ಗಂಟೆಯೂ ಹೊಡೆದಿರುತ್ತದೆ.

ವೆಲ್ಕ್ರೋ ದಿನದ ತಕರಾರುಗಳೇ ಬೇರೆ. ಪಟ್ಟಿಯ ತುದಿ ಎದುರಾಳಿಯ ಹೆಗಲು ಕೆರೆಯುತ್ತದೆ, ಅವನ ಬನಿಯನ್ನಿನ ನೂಲೆಲ್ಲ ಕೊಕ್ಕೆಗೆ ಸೇರಿ ಹಿಡಿತ ಹೋಗುತ್ತದೆ. ಅದಕ್ಕೆ ಪಂಡಿತರ ಚೀಲದಲ್ಲಿ ಹಳೆಯ ಹೇನು ಬಾಚಣಿಗೆಯೊಂದಿದೆ. ಎದುರಾಳಿ ರಿಂಗಿನಲ್ಲಿ ಕಾಯುತ್ತಿದ್ದರೆ ಇವರು ಬೆಂಚಿನ ಮೇಲೆ ಕೂತು ಗ್ಲೌಸಿಗೆ ತಲೆ ಬಾಚುತ್ತಿರುತ್ತಾರೆ.

ಕೊನೆಗೆ ಅವರು ಕಂಡುಕೊಂಡ ಪರಿಹಾರ ಅವರ ಬುದ್ಧಿಗೆ ತಕ್ಕದ್ದು. ಅಮೆರಿಕದಿಂದ ಬರುವ ಭಾವಮೈದುನನ ಕೈಲಿ ವಿನ್ನಿಂಗ್ ಎಂಬ ಜಪಾನಿ ಕಂಪನಿಯ ಲೇಸ್ ಗ್ಲೌಸ್ ತರಿಸಿದರು. ಒಳ್ಳೆಯ ಮೆತ್ತೆಗೆ ಹೆಸರಾದ ಕಂಪನಿ. ಅದರ ಬೆಲೆಗೆ ನಮ್ಮ ಮೀರತ್ತಿನ, ಜಲಂಧರದ ಗ್ಲೌಸುಗಳನ್ನು ಇಡೀ ಜಿಮ್ಮಿಗೇ ತೊಡಿಸಬಹುದು. ಆಮೇಲೆ, ಲೇಸನ್ನು ವೆಲ್ಕ್ರೋ ಮಾಡುವ ಪಟ್ಟಿಯೊಂದು ಸಿಗುತ್ತದೆ, ಅದನ್ನು ಬೇರೆ ದುಡ್ಡು ಕೊಟ್ಟು ಕೊಂಡು ಅದರ ಮೇಲೆ ಸುತ್ತಿದರು. ಮನೆಯಲ್ಲಿ ಈ ಅಪೂರ್ವ ವಸ್ತುವನ್ನು ಗಾಳಿಗೆ ಹಾಕಲು ಹೋಗಿ ಅಜ್ಜಿಯ ಮಡಿಕೋಲಿಗೆ ತಗುಲಿಸಿದ್ದೊಂದು ಅನಾಹುತವಾಯಿತು. “ಚರ್ಮದ್ದು ಕಣೋ ಅದು! ಥೂ, ಏನು ನಾತ!” ಎಂದು ಅಜ್ಜಿ ಮತ್ತೊಮ್ಮೆ ಸ್ನಾನಕ್ಕೆ ಹೋದರು. ಬೆವರು ಕುಡಿದ ಗ್ಲೌಸಿನ ವಾಸನೆಗೆ ಲೇಸು, ವೆಲ್ಕ್ರೋ ಎಂಬ ಭೇದವಿಲ್ಲ. ಒಳಗೆ ಹಳೆಯ ನ್ಯೂಸ್‌ಪೇಪರ್ ತುರುಕಿ ಗಾಳಿಯಾಡಲು ಬಿಡುವುದೊಂದೇ ದಾರಿ.

ಒಂದು ಶನಿವಾರ ಪಂಡಿತರಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ದಾರವಿತ್ತು, ಪಟ್ಟಿಯಿತ್ತು, ಫೋನು ಮಾತ್ರ ಕೈಕೊಟ್ಟಿತು, ಚಾರ್ಜಿರಲಿಲ್ಲ. ಎದುರಿಗೆ ಬಿ.ಕಾಂ. ಓದುವ ಐವತ್ತು ಕೆಜಿಯ ಹುಡುಗಿ. ಅವಳ ಕೈಯಲ್ಲಿ ಜಿಮ್ಮಿನವರೇ ಇಟ್ಟಿರುವ, ಊರವರೆಲ್ಲ ತೊಟ್ಟುಬಿಟ್ಟ ವೆಲ್ಕ್ರೋ ಗ್ಲೌಸು. “ಅಂಕಲ್, ರೆಡಿನಾ?” ಎಂದಳು. ಪಂಡಿತರು ರೆಡಿ ಎಂಬುದರ ಲಕ್ಷಣಗಳನ್ನು ವಿವರಿಸಲು ಬಾಯಿ ತೆರೆದರು. ಎಡಗೈಯ ಒಂದು ಜ್ಯಾಬ್ ನೇರವಾಗಿ ಮೂಗಿಗೆ ಬಂತು. ಮೆತ್ತಗಿನ ಏಟೇ, ಅದಕ್ಕಿಂತ ಜೋರಾಗಿ ಬಿದ್ದದ್ದು ‘ಅಂಕಲ್’.

“ಬಲಗೈ ಪಟ್ಟಿ ಒಂದು ಕೂದಲೆಳೆ ಸಡಿಲ ಇತ್ತು,” ಎಂದರು ಪಂಡಿತರು, ಮೂಗು ಹಿಡಿದುಕೊಂಡು.

ನಮ್ಮ ಕೋಚು ಬೆಳಗಾವಿ ಕಡೆಯವರು, ಸೇನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಅಂದು ಮಾತ್ರ ಹಗ್ಗದ ಮೇಲೆ ಮೊಣಕೈಯೂರಿ ಹೇಳಿದರು: “ಸಾಹೇಬ್ರ, ಕೈಗೆ ದಾರರ ಕಟ್ಕೊಳ್ರಿ, ಪಟ್ಟಿಯರ ಕಟ್ಕೊಳ್ರಿ. ಕೈ ಮಾತ್ರ ಮಾರಿ ಮುಂದ ಇಡ್ರಿ.”

ಪಂಡಿತರು ಮರುವಾರವೇ ಬಂದರು. ಈಗ ಅವರ ಅಧ್ಯಯನ ಹೆಡ್‌ಗಾರ್ಡಿನತ್ತ ತಿರುಗಿದೆ. ಕೆನ್ನೆ ಮುಚ್ಚುವುದೋ, ಮೂಗಿಗೆ ಅಡ್ಡ ಕಂಬಿ ಇರುವುದೋ ಎಂಬ ಪ್ರಶ್ನೆ ಎದ್ದಿದೆ. ಅದು ಇತ್ಯರ್ಥವಾಗುವವರೆಗೆ ಸ್ಪಾರಿಂಗ್ ಮುಂದೂಡಲಾಗಿದೆ.

ನಿಮ್ಮ ಮಗನೋ ಮಗಳೋ ಜಿಮ್ಮಿಗೆ ಸೇರಿ ಈ ಪ್ರಶ್ನೆ ತಂದರೆ ಇಷ್ಟು ಹೇಳಿ. ಮೊದಲು ನೋಡಬೇಕಾದ್ದು ತೂಕ. ರಿಂಗಿನಲ್ಲಿ ಪ್ರೊಫೆಷನಲ್ಲುಗಳು ತೊಡುವುದು 8 ಅಥವಾ 10 ಔನ್ಸು, ಆದರೆ ಸ್ಪಾರಿಂಗಿಗೆ ಸಾಮಾನ್ಯವಾಗಿ 16 ಔನ್ಸು, ಅಂದರೆ ಒಂದೊಂದು ಗ್ಲೌಸು ಸುಮಾರು 450 ಗ್ರಾಂ; ಹಗುರ ಮೈಯವರಿಗೆ 14 ನಡೆಯುತ್ತದೆ. ಆ ಹೆಚ್ಚಿನ ಮೆತ್ತೆ ಎದುರಿನವರ ಮುಖಕ್ಕಾಗಿ, ಅವರು ನಾಳೆಯೂ ಅಭ್ಯಾಸಕ್ಕೆ ಬರಬೇಕಲ್ಲ. ಕಟ್ಟಿಕೊಡುವವರು ದಿನಾ ಜೊತೆಗಿದ್ದರೆ ಲೇಸ್ ತೆಗೆದುಕೊಳ್ಳಲಿ, ಇಲ್ಲದಿದ್ದರೆ ವೆಲ್ಕ್ರೋ. ಎರಡರ ಮೇಲೂ ಒಂದು ಸುತ್ತು ಟೇಪು ಹಾಕಿದರೆ ಯಾರ ಕಣ್ಣಿಗೂ ದಾರ ಬಡಿಯುವುದಿಲ್ಲ, ಯಾರ ಚರ್ಮವೂ ಕೆರೆಯುವುದಿಲ್ಲ. ಇದಕ್ಕಿಂತ ಹೆಚ್ಚು ತಿಳಿಯಬೇಕೆಂದರೆ ಪಂಡಿತರು ಬೆಂಚಿನ ಮೇಲೆಯೇ ಇರುತ್ತಾರೆ. ಬರುವಾಗ ಊಟ ಮುಗಿಸಿಕೊಂಡು ಬನ್ನಿ.