ಪಿ.ಟಿ. ಮೇಷ್ಟ್ರ ಬೆಕ್ಕು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿಗೆ ಹೋದರೂ ಹೊಸ ಬಡಾವಣೆಯಲ್ಲಿ ಒಬ್ಬ ರಿಟೈರ್ಡ್ ಪಿ.ಟಿ. ಮೇಷ್ಟ್ರು ಸಿಗುತ್ತಾರೆ. ಸರ್ವೀಸಿನಲ್ಲಿದ್ದಾಗ ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಬರೀ ವಿಷಲ್‌ನಲ್ಲೇ ಊರ ಮಕ್ಕಳನ್ನೆಲ್ಲ ಓಡಿಸಿದವರು. ಈಗ ಓಡಿಸಲು ಉಳಿದಿರುವುದು ಬೆಂಗಳೂರಿನ ಮಗಳು ತಂದು ಬಿಟ್ಟುಹೋದ ಬೆಕ್ಕೊಂದೇ. ಹೆಸರು ಚಿನ್ನು. ಕೆಜಿಎಫ್‌ನಲ್ಲಿ ಚಿನ್ನ ತೆಗೆಯುವುದು 2001ರಲ್ಲೇ ನಿಂತುಹೋಯಿತು. ಮೇಷ್ಟ್ರ ಮನೆಯ ಚಿನ್ನು ಮಾತ್ರ ಏಳು ಕೆಜಿ ತೂಗುತ್ತದೆ. ನಾಲ್ಕೈದು ಕೆಜಿ ಇರಬೇಕಾದ ಜೀವ.

ಹಿಂದಿನ ಬೆಕ್ಕುಗಳಿಗೆ ಮಾಲೂರು ಹೆಂಚಿನ ಸೂರಿತ್ತು, ಅಟ್ಟದಲ್ಲಿ ಇಲಿಯಿತ್ತು, ರಾತ್ರಿಯೆಲ್ಲ ಡ್ಯೂಟಿ. ಈಗ ಆರ್‌ಸಿಸಿ ಮನೆ, ಹೊರಗೆ ಬೀದಿನಾಯಿ. ಮರಿಯಾಗದಂತೆ ಆಪರೇಷನ್ ಆದಮೇಲಂತೂ ಹಸಿವು ಹೆಚ್ಚು, ಓಡಾಟ ಕಡಿಮೆ. ಸಾಲದ್ದಕ್ಕೆ ಮೇಷ್ಟ್ರ ಕಣ್ಣು ತಪ್ಪಿಸಿ ಮನೆಯವರು ಹಾಕುವ ಹಾಲಿನ ಕೆನೆ. "ಪಾಪ, ಹೆಂಗೆ ನೋಡ್ತದೆ ನೋಡ್ರಿ!"

ಮೊದಮೊದಲು ಮೇಷ್ಟ್ರು "ಸಾವಧಾನ್! ವಿಶ್ರಾಮ್!" ಮಾಡಿಸಿದರು. ಚಿನ್ನು ಎರಡನೆಯದನ್ನಷ್ಟೇ ಪಾಲಿಸಿತು. ಭಾಷೆ ತಿಳಿಯದಿದ್ದೀತೆಂದು ನಮ್ಮ ಸೀಮೆಯ ತೆಲುಗಿನಲ್ಲೂ "ಲೇರಾ!" ಎಂದು ಗದರಿಸಿ ನೋಡಿದರು. ಊಟ ನಿಲ್ಲಿಸಲು ಹೊರಟಾಗ ಪಶುವೈದ್ಯರು ತಡೆದರು: ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ಹತ್ತಿ ಪ್ರಾಣಕ್ಕೇ ಸಂಚಕಾರ; ಇಳಿಸುವುದಾದರೆ ವಾರಕ್ಕೆ ಮೈತೂಕದಲ್ಲಿ ನೂರಕ್ಕೆ ಒಂದೆರಡು ಪಾಲು, ಅಷ್ಟೇ.

ಕೊನೆಗೆ ಕಡ್ಡಿಗೆ ದಾರ, ದಾರಕ್ಕೆ ಕೋಳಿ ಪುಕ್ಕ. ಅದನ್ನು ಚಿನ್ನುವಿನ ಮೂಗಿಗೇ ಹಿಡಿದರೆ ಅದು ಆಕಳಿಸಿತು. ಯಾವ ಇಲಿ ತಾನಾಗಿ ಬೆಕ್ಕಿನ ಮೂತಿಗೆ ಬರುತ್ತದೆ ಹೇಳಿ? ಶ್ರೀನಿವಾಸಪುರದಿಂದ ಮಾವು ಬಂದಿದ್ದ ರಟ್ಟಿನ ಡಬ್ಬದ ಹಿಂದಕ್ಕೆ ಪುಕ್ಕ ಸರಸರನೆ ಮರೆಯಾದಾಗ ನೋಡಬೇಕಿತ್ತು. ಕಿವಿ ಮುಂದಾಯಿತು, ಕಣ್ಣಿನ ಪಾಪೆ ಅಗಲವಾಯಿತು, ಹಿಂಭಾಗ ಎಡಕ್ಕೂ ಬಲಕ್ಕೂ ಕುಲುಕಿತು, ಏಳು ಕೆಜಿಯೂ ಗಾಳಿಯಲ್ಲಿ! ಡಬ್ಬ ಅಪ್ಪಚ್ಚಿ. ಎರಡೇ ನಿಮಿಷಕ್ಕೆ ಮತ್ತೆ ಅಡ್ಡಾಯಿತು.

"ಸೋಮಾರಿ ಮುಂಡೇದು" ಎಂದರು ಮೇಷ್ಟ್ರು. ಬೆಕ್ಕಿನ ಬೇಟೆಯೇ ಹಾಗೆ, ಬಹಳ ಹೊತ್ತು ಹೊಂಚು, ಒಂದೇ ನೆಗೆತ. ಗ್ರೌಂಡಿಗೆ ಹತ್ತು ಸುತ್ತು ಹಾಕಿಸಿ ರೂಢಿಯಾದವರಿಗೆ ಇದು ಒಗ್ಗಲು ಟೈಮು ಹಿಡಿಯಿತು. ಈಗ ಗೋಡೆಯ ಮೇಲೆ ವೇಳಾಪಟ್ಟಿ: ಮುಂಜಾನೆ, ಸಂಜೆ, ಐದೈದು ನಿಮಿಷ, ಕೊನೆಗೆ ಪುಕ್ಕ ಪಂಜಕ್ಕೆ ಸಿಗಲೇಬೇಕು. ದಾರ ನುಂಗೀತೆಂದು ಆಟ ಮುಗಿದೊಡನೆ ಬೀರುವಿಗೆ ಬೀಗ.

ಭಾನುವಾರ ತೂಕ. ಚಿನ್ನುವನ್ನು ಎತ್ತಿಕೊಂಡೊಮ್ಮೆ, ಬರಿಗೈಲೊಮ್ಮೆ ಮೇಷ್ಟ್ರು ಮಿಷನ್ ಹತ್ತುತ್ತಾರೆ, ಬಾಗಿಲು ಹಾಕಿಕೊಂಡು. ರಿಜಿಸ್ಟರಿನಲ್ಲಿ ಉತ್ತರ ಮಾತ್ರ ಇರುತ್ತದೆ, ಕಳೆದ ಲೆಕ್ಕ ಇರುವುದಿಲ್ಲ. ಮುಳಬಾಗಿಲಿಗೆ ಹೋಗಿ ದೋಸೆ ತಿಂದು ಬಂದ ಭಾನುವಾರ ಚಿನ್ನುವಿಗೆ ರಜೆ.