ಪ್ರಶ್ನೆಪತ್ರಿಕೆಯೊಳಗಿನ ಅಪ್ಪನಿಗೊಂದು ಬಹಿರಂಗ ಪತ್ರ

ಗೊರವನಹಳ್ಳಿ,
ಕೊರಟಗೆರೆ ತಾಲ್ಲೂಕು

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಕೊನೆಯ ಪುಟದಲ್ಲಿ ಕಾಯಂ ವಾಸವಾಗಿರುವ ಅಪ್ಪನವರಿಗೆ ನಮಸ್ಕಾರಗಳು. ಉಭಯ ಕುಶಲೋಪರಿ. ಸಾಂಪ್ರತ,

ಪರೀಕ್ಷೆ ಬಂತೆಂದರೆ ಲಕ್ಷಾಂತರ ಮಕ್ಕಳು ಒಂದೇ ದಿನ ನಿಮಗೆ ಪತ್ರ ಬರೆಯುತ್ತಾರೆ. ಪ್ರವಾಸಕ್ಕೆ ಅನುಮತಿ ಕೊಡಿ, ಹಣ ಕಳಿಸಿ, ಓದು ಚೆನ್ನಾಗಿ ಸಾಗಿದೆ. ಐದು ಅಂಕ. ನೀವು ರಜೆ ಹಾಕಿದ ವರ್ಷ ನಿಮ್ಮ ಜಾಗದಲ್ಲಿ ಗೆಳೆಯನೋ ಅಂಕಲ್ಲೋ ಬಂದು ಕೂರುತ್ತಾರೆ. ಇವತ್ತಿನವರೆಗೆ ಒಬ್ಬರಿಗೂ ನೀವು ಉತ್ತರ ಬರೆದಿಲ್ಲ.

ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಪರೀಕ್ಷೆಯ ಮಟ್ಟಿಗೆ ನಾವೊಂದು ಜಿಲ್ಲೆ. ಉಳಿದದ್ದಕ್ಕೆಲ್ಲ ತುಮಕೂರಿನ ಬಸ್ ಹತ್ತಬೇಕು. ಊರಲ್ಲಿ ಮಹಾಲಕ್ಷ್ಮಿ ಇದ್ದಾಳೆ. ಪರೀಕ್ಷೆ ಸರಸ್ವತಿಯ ಇಲಾಖೆಯಾದರೂ ಹಾಲ್ ಟಿಕೆಟ್ ಹಿಡಿದು ಬಂದವರನ್ನು ಆಯಮ್ಮ ವಾಪಸ್ ಕಳಿಸುವುದಿಲ್ಲ.

ಸಂಜೆ ಮಕ್ಕಳು ನಮ್ಮ ಜಗಲಿಗೆ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಾರೆ. ಕೈಯಲ್ಲಿ 'ಪಾಸಿಂಗ್ ಪ್ಯಾಕೇಜ್' ಜೆರಾಕ್ಸ್. ವಿಷಯ ಬರದಿದ್ದರೂ ಫಾರ್ಮ್ಯಾಟ್ ಬರೆಯಿರಿ, ಮಾರ್ಕ್ಸ್ ಬೀಳುತ್ತೆ ಎನ್ನುವುದು ಅದರ ಸಾರ. ಮೊನ್ನೆ ಒಬ್ಬ ಹುಡುಗಿ ನಿಮಗೆ ಬರೆದ ಪತ್ರ ತೋರಿಸಿದಳು. ಪ್ರತಿ ಸಾಲಿನ ನೆತ್ತಿಯ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ: 'ಐ ಆಮ್ ಫೈನ್ ಹಿಯರ್'. ಕೆಳಗೆ ಸಹಿ: 'ರಾಜು/ರಾಣಿ'. ಇಬ್ಬರಲ್ಲೊಬ್ಬರು ನೀನೆಂದು ಭಾವಿಸಿಕೋ ಎಂದು ಪ್ರಶ್ನೆಯಲ್ಲಿತ್ತು; ಯಾಕೆ ರಿಸ್ಕು ಅಂತ ಅವಳು ಇಬ್ಬರೂ ಆಗಿದ್ದಳು.

ಅವಳ ಅಸಲಿ ಅಪ್ಪ ದೇವಸ್ಥಾನದ ಮುಂದೆ ತೆಂಗಿನಕಾಯಿ ಮಾರುತ್ತಾರೆ. ಶುಕ್ರವಾರ ಅವರಿಗೆ ತಲೆಯೆತ್ತಲೂ ಪುರಸೊತ್ತಿಲ್ಲ. ಆ ಮನೆಯಲ್ಲಿ ದುಡ್ಡಿನ ಅರ್ಜಿ ಅಮ್ಮನ ಮೂಲಕವೇ ಹೋಗಬೇಕು, ಅದೂ ವ್ಯಾಪಾರ ಚೆನ್ನಾಗಿ ಆದ ದಿನ ನೋಡಿಕೊಂಡು. ಇದಕ್ಕೆ ಯಾವ ಫಾರ್ಮ್ಯಾಟೂ ಇಲ್ಲ.

ಪುಸ್ತಕ ಮುಚ್ಚುತ್ತಾ ಕೇಳಿದಳು: "ಅಣ್ಣಾ, ಕೊರಟಗೆರೆಗೆ ಪಿಯುಸಿಗೆ ಕಳಿಸಿ ಅಂತ ಅಪ್ಪಂಗೆ ಬರೆಯೋದು ಹೆಂಗೆ?"

"ಇಂಗ್ಲಿಷಲ್ಲಾ?"

"ಯಾವುದ್ರಲ್ಲಾದ್ರೂ."

ಪಾಸಿಂಗ್ ಪ್ಯಾಕೇಜ್ ತಿರುವಿ ಹಾಕಿದೆ. ಇರಲಿಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಆರ್.ಕೆ. ನಾರಾಯಣರ ಕತೆಯ ಸ್ವಾಮಿ ಇದ್ದಾನೆ. ಧೈರ್ಯ ತೋರಿಸು, ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಪಟ್ಟು ಹಿಡಿದಾಗ ಅವನು ಪತ್ರ ಬರೆಯಲಿಲ್ಲ, ಅಜ್ಜಿಯ ಪಕ್ಕ ಮುದುರಿಕೊಂಡ. ಆ ಅಪ್ಪ ನಮ್ಮ ಮಕ್ಕಳಿಗೆ ಗೈಡ್ ಪುಸ್ತಕವಿಲ್ಲದೆಯೇ ಅರ್ಥವಾಗುತ್ತಾನೆ. ನೀವು ಆಗುವುದಿಲ್ಲ.

ಅರ್ಥವಾಗದ ಅಪ್ಪನಿಗೆ ಪಕ್ಕದವರನ್ನು ನೋಡಿ ಬರೆಯೋಣವೆಂದರೆ, 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಪಕ್ಕದವರ ಅಪ್ಪನಿಗೆ ಹೋಗುತ್ತಿದ್ದ ಪತ್ರವನ್ನು ಇಣುಕಿ ನೋಡುವುದು ಕಷ್ಟವಾಯಿತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ! ಇಷ್ಟೊಂದು ಕೃಪೆ ನಮ್ಮ ಮಹಾಲಕ್ಷ್ಮಿಗೂ ಕಷ್ಟ.

ಆದ್ದರಿಂದ ತಮ್ಮಲ್ಲಿ ಒಂದು ಬಿನ್ನಹ. ಮುಂದಿನ ಮಾರ್ಚಿನಲ್ಲಿ ಆ ಹುಡುಗಿಯ ಪ್ರವಾಸದ ಪತ್ರ ಬಂದರೆ ಒಂದೇ ಸಾಲಿನಲ್ಲಿ ಉತ್ತರಿಸಿ: ಆಗಲ್ಲ, ಹೋಗಬೇಡ. ಆಗ ಅವಳು ಯಾಕೆ ಹೋಗಬೇಕೆಂದು ವಾದಿಸಿ ಎರಡನೆಯ ಪತ್ರ ಬರೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಇಂಗ್ಲಿಷ್ ಹೇಳಿಕೊಡಲು ನಾನು ಜಗಲಿಯಲ್ಲೇ ಇರುತ್ತೇನೆ.

ಇಂತಿ,
ಸಂಜೆ ಪಾಠದ ಅಣ್ಣ