ವಿದ್ಯುಚ್ಛಕಟ ಲಾವಣಿ ಮೀಮಾಂಸೆ

ಪ್ರಸ್ತಾವನೆ

ಹೊಸದಾಗಿ ಪೇಟೆಗೆ ಬಂದ ಕರೆಂಟಿನ ಕಾರನ್ನು ಕೊಳ್ಳದೆ, ಲೀಸಿನ ಮೇಲೆ, ಅದೂ ಹಗುರ ದರದಲ್ಲಿ ಹಿಡಿಯುವುದು ಹೇಗೆ ಎಂಬುದು ಈ ಪ್ರಬಂಧದ ವಿಚಾರ. ಇದರ ಬಗ್ಗೆ ಈವರೆಗೆ ಬರೆದವರೆಲ್ಲ ಬೆಂಗಳೂರು, ಪುಣೆ, ಗುರುಗ್ರಾಮಗಳ ಪಂಡಿತರು. ಅವರಲ್ಲಿ ಒಬ್ಬರಾದರೂ ಒಂದೆಕರೆ ಎರಿ ಹೊಲವನ್ನು ಲಾವಣಿ ಹಾಕಿಕೊಂಡು ಬಿತ್ತಿದಂತೆ ಕಾಣುವುದಿಲ್ಲ. ಆದ್ದರಿಂದ ಅವರ ಮತಗಳನ್ನು ಗೌರವದಿಂದ ಬದಿಗಿಟ್ಟು, ಈ ಶಾಸ್ತ್ರದ ನಿಜವಾದ ಅಧಿಕಾರಿಗಳಾದ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಒಕ್ಕಲುತನದವರನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಲಾಗಿದೆ.

ಇನ್ನೊಬ್ಬರ ಹೊಲವನ್ನು ಯುಗಾದಿಯಿಂದ ಯುಗಾದಿಗೆ ಹಿಡಿದು, ಬಿತ್ತಿ ಬೆಳೆದು, ಮಾಲು ಮಾರಿ, ರೊಕ್ಕ ಎಣಿಸಿಕೊಡುವ ಈ ಲಾವಣಿಯ ವಿದ್ಯೆ ಇಲ್ಲಿ ತಲೆತಲಾಂತರದ್ದು. ಅದಕ್ಕೆ ಇನ್ನೂ ಒಂದು ಸೊಗಸಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಅಂದರೆ ನಮ್ಮ ವಿದ್ವಾಂಸರು ಐವತ್ತು ವರ್ಷಗಳಿಂದ ಕಾನೂನಿನ ಕಣ್ಣಿಗೆ ಇಲ್ಲದ ವಸ್ತುವೊಂದರಲ್ಲಿ ಪಾರಂಗತರಾಗಿದ್ದಾರೆ. ಶುದ್ಧ ತತ್ತ್ವಚಿಂತನೆಗೆ ಇದಕ್ಕಿಂತ ಗಟ್ಟಿ ತಾಲೀಮು ಯಾವ ವಿಶ್ವವಿದ್ಯಾಲಯವೂ ಕೊಡಲಾರದು.

ಇತಿಹಾಸವನ್ನು ಬೇಗ ಮುಗಿಸೋಣ. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ಕರೆಂಟಿನ ಕಾರು ಹೊರಟಿತು. 2017ರಲ್ಲಿ ಕರ್ನಾಟಕ, ದೇಶದಲ್ಲೇ ಮೊದಲಿಗೆ, ವಿದ್ಯುತ್ ವಾಹನ ನೀತಿ ತಂದಿತು. ಇವೆರಡೂ ಸದ್ಯ ಹುಬ್ಬಳ್ಳಿ ದಾಟಿ ನವಲಗುಂದದ ದಾರಿಯಲ್ಲಿವೆ.

ಮೊದಲ ಅಧ್ಯಾಯ: ಸಂಬಳದಾರರ ಲೀಸು, ಅಥವಾ ಇಲ್ಲದ ತೆರಿಗೆಯ ಉಳಿತಾಯ

ಲೀಸುಗಳಲ್ಲಿ ಹೆಚ್ಚು ಹೊಗಳಿಸಿಕೊಂಡದ್ದು ಸಂಬಳದಾರರದು. ಕಾರು ಲೀಸಿಂಗ್ ಕಂಪನಿಯ ಹೆಸರಿನಲ್ಲಿ ಇರುತ್ತದೆ, ಬಾಡಿಗೆ ಸಂಬಳದಿಂದ ತೆರಿಗೆ ಬೀಳುವ ಮೊದಲೇ ಮುರಿದುಹೋಗುತ್ತದೆ, ತೆರಿಗೆ ಉಳಿಯುತ್ತದೆ. ಮೂವತ್ತು ಪರ್ಸೆಂಟ್ ಕಟ್ಟುವವನಿಗೆ ಇದು ನಿಜವಾಗಿಯೂ ಲಾಭ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದಿರುವುದರಿಂದ, ಹೆಸರು-ಕಡಲೆ ಬೆಳೆಯುವವನಿಗೆ ಈ ಯೋಜನೆ ದಯಪಾಲಿಸುವುದು ತಾನು ಕಟ್ಟದ ತೆರಿಗೆಯಲ್ಲಿ ಮೂವತ್ತು ಪರ್ಸೆಂಟ್ ರಿಯಾಯಿತಿ.

ಕಾಗದಪತ್ರದಲ್ಲೂ ಇದೇ ತೊಡಕು. ಅವರು ಕೇಳುವುದು ಮೂರು ತಿಂಗಳ ಸಂಬಳದ ಚೀಟಿ ಮತ್ತು ಫಾರ್ಮ್ 16. ನಾವು ಕೊಡಬಲ್ಲದ್ದು ಹೊಲದ ಉತಾರ, ಅಂದರೆ ಪಹಣಿ. ಅದರ 9ನೇ ಕಾಲಂನಲ್ಲಿ ಏಳೆಂಟು ಮಂದಿ ಅಣ್ಣತಮ್ಮಂದಿರ ಹೆಸರು, ಅವರಲ್ಲಿ ಇಬ್ಬರು ತೀರಿಹೋದವರು. 11ನೇ ಕಾಲಂನಲ್ಲಿ ಸೊಸೈಟಿಯ ಸಾಲ. ಇಷ್ಟು ವಿಸ್ತಾರವಾದ ಜೀವನಚರಿತ್ರೆಯನ್ನು ಸಂಬಳದ ಚೀಟಿ ಎಂದಾದರೂ ಹೇಳೀತೆ?

ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ಕೊಡುವ ಸಲಹೆಯನ್ನೂ ಇಲ್ಲೇ ಪರಾಮರ್ಶಿಸಬೇಕು. "ಅಪ್ಪಾ, ಇಲ್ಲೆ ಎಲ್ಲಾರೂ ಲೀಸ್‌ಗೇ ತಗೋತಾರ, ಭಾಳ ಸೋವಿ" ಎಂಬುದು ಅವರ ವಾದ. ಅದು ಒಂದು ಕಾಲಕ್ಕೆ ಸರಿ. ಅಲ್ಲಿ ಸರ್ಕಾರ ಕರೆಂಟಿನ ಕಾರಿಗೆ 7,500 ಡಾಲರ್ ತೆರಿಗೆ ರಿಯಾಯಿತಿ ಕೊಡುತ್ತಿತ್ತು. ಕೊಂಡವನಿಗೆ ಅವನ ಆದಾಯ ಎಷ್ಟು, ಕಾರು ಎಲ್ಲಿ ತಯಾರಾದದ್ದು ಎಂದು ನೂರೆಂಟು ತಕರಾರು. ಲೀಸಿಗೆ ಕೊಡುವ ಕಂಪನಿಗೆ ಆ ತಕರಾರು ಹೆಚ್ಚುಕಡಿಮೆ ಇರಲಿಲ್ಲ. ಕಂಪನಿ ಆ ರೊಕ್ಕವನ್ನು ಬಾಡಿಗೆಯಲ್ಲಿ ಇಳಿಸುತ್ತಿತ್ತು. 2025ರ ಸೆಪ್ಟೆಂಬರ್ 30ಕ್ಕೆ ಆ ಬಾಗಿಲು ಮುಚ್ಚಿತು. ಮಕ್ಕಳ ಸಲಹೆ ಮಾತ್ರ ಇನ್ನೂ ಬರುತ್ತಿದೆ.

ಎರಡನೆಯ ಅಧ್ಯಾಯ: ದೇಹ ಸ್ವಂತದ್ದು, ಜೀವ ಬಾಡಿಗೆಯದು

ಕಾರಿನ ದೇಹವೇ ಬೇರೆ, ಜೀವವೇ ಬೇರೆ ಎಂಬ ದರ್ಶನ ನಮ್ಮ ಪೇಟೆಯಲ್ಲಿ ಪ್ರಸಿದ್ಧಿಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಆಗ ಬಿಡುಗಡೆಯಾದ ಎಂಜಿ ವಿಂಡ್ಸರ್ ಎಂಬ ಕಾರಿಗೆ ಎರಡು ಬೆಲೆ ಹೇಳಿದರು. ಬ್ಯಾಟರಿ ಸಹಿತ ಕೊಂಡರೆ ಶೋರೂಮಿನ ಆರಂಭದ ಬೆಲೆ 13.50 ಲಕ್ಷ. ಬ್ಯಾಟರಿಯನ್ನು ಬಾಡಿಗೆಗೆ ಹಿಡಿದರೆ ಕಾರಿಗೆ 9.99 ಲಕ್ಷ, ಮೇಲೆ ಓಡಿಸಿದ ಪ್ರತಿ ಕಿ.ಮೀ.ಗೆ 3.50 ರೂಪಾಯಿ.

ಇಲ್ಲಿ ಗಣಿತ ರಮಣೀಯವಾಗಿದೆ. ಎರಡು ಬೆಲೆಗಳ ಅಂತರ 3.51 ಲಕ್ಷ. ಅದನ್ನು ಮೂರೂವರೆಯಿಂದ ಭಾಗಿಸಿದರೆ ಬರುವುದು ಒಂದು ಲಕ್ಷ ಕಿ.ಮೀ., ಚೂರು ಹೆಚ್ಚು. ಅಷ್ಟು ಓಡುವವರೆಗೆ ಬಾಡಿಗೆಯವನು ಗೆದ್ದಂತೆ. ಆಮೇಲೆ ಸೋಲು ಶುರು. ನವಲಗುಂದದಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಎಪ್ಪತ್ತರ ಆಸುಪಾಸು ಕಿ.ಮೀ. ವಾರಕ್ಕೊಮ್ಮೆ ಬೀಜ-ಗೊಬ್ಬರಕ್ಕೋ ಬೀಗರ ಆಸ್ಪತ್ರೆಗೋ ಹೋಗಿಬರುವ ಗೃಹಸ್ಥನಿಗೆ ಒಂದು ಲಕ್ಷ ತುಂಬಲು ಇಪ್ಪತ್ತೇಳು ವರ್ಷ ಬೇಕು. ಅಷ್ಟರಲ್ಲಿ ಕಾರು ಮಗನ ಹೆಸರಿಗೆ ವಾರಸಾ ಆಗಿರುತ್ತದೆ. ಈ ಲೆಕ್ಕ ಕೇಳಿದ ದಿನ ನಮ್ಮ ಚಾದಂಗಡಿ ಪಂಥದವರು ಇದನ್ನೇ ಮೋಕ್ಷಮಾರ್ಗವೆಂದು ಸಾರಿ ಇನ್ನೊಂದು ಸುತ್ತು ಚಾ ತರಿಸಿದರು.

ಚಾ ಆರುವ ಮೊದಲೇ ಅಡತಿ ಪಂಥದವರು ಆಕ್ಷೇಪ ಎತ್ತಿದರು. ಬ್ಯಾಟರಿಗೆ ರೊಕ್ಕ ಹಾಕುವುದು ಕಾರಿನ ಕಂಪನಿಯಲ್ಲ, ಅದರ ಜೊತೆ ಕೈಗೂಡಿಸಿದ ಸಾಲದ ಕಂಪನಿಗಳು. ಅವುಗಳ ಕರಾರಿನಲ್ಲಿ ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಷರತ್ತು ಇರುತ್ತದೆ, 1500 ಎಂಬುದು ರೂಢಿಯಲ್ಲಿರುವ ಅಂಕಿ. ಓಡಿಸು ಬಿಡು, 5,250 ರೂಪಾಯಿ ಕಟ್ಟಬೇಕು. ನಮ್ಮ ಗೃಹಸ್ಥನ ತಿಂಗಳ ಓಟ ಮುನ್ನೂರು ಕಿ.ಮೀ. ಎಂದು ಹಿಡಿದರೆ ಬಾಡಿಗೆ ಕಿ.ಮೀ.ಗೆ ಹದಿನೇಳೂವರೆ ಆಯಿತು, ಕರೆಂಟು ಬೇರೆ. ಲೀಟರಿಗೆ ನೂರು ದಾಟಿದ ಪೆಟ್ರೋಲು ಹಾಕಿ, ಲೀಟರಿಗೆ ಹದಿನೆಂಟು ಕಿ.ಮೀ. ಓಡುವ ಹಳೆಯ ಕಾರಿನಲ್ಲಿ ಹೋದರೆ ಬೀಳುವುದು ಆರು ರೂಪಾಯಿಯ ಒಳಗೆ-ಹೊರಗೆ.

ಈ ವಾದವನ್ನು ಸ್ಪಷ್ಟಪಡಿಸುವ ಒಂದು ಸಂವಾದ, ಹುಬ್ಬಳ್ಳಿಯ ಶೋರೂಮೊಂದರಲ್ಲಿ ನವಲಗುಂದ ಕಡೆಯ ಹಿರಿಯರಿಗೂ ಟೈ ಕಟ್ಟಿದ ಹುಡುಗನಿಗೂ ನಡೆದದ್ದು, ಪಾಠಾಂತರಗಳನ್ನು ತೂಗಿ ನೋಡಿ ಇಲ್ಲಿ ಕೊಡಲಾಗಿದೆ:

"ತಮ್ಮಾ, ಹದಿನೈದುನೂರು ಓಡಲಿಲ್ಲಂದ್ರ?"

"ಓಡಲಿಲ್ಲಂದ್ರೂ ಹದಿನೈದುನೂರದ್ದ ರೊಕ್ಕಾ ಕಟ್ಟಬೇಕಾಗ್ತೈತ್ರಿ, ಅಜ್ಜಾರ."

"ಬೆಣ್ಣಿಹಳ್ಳ ತುಂಬಿ ಬಂದು ನಾಕ ದಿನಾ ದಾರಿ ಕಟ್ಟತು ಅಂತ ತಿಳಿ. ಆ ನಾಕ ದಿನದ್ದ ಬಿಡ್ತೀರೋ ಇಲ್ಲೋ?"

"ಅಂಥಾದ್ದ ಸಿಸ್ಟಮ್‌ನ್ಯಾಗ ಇಲ್ರೀ."

"ನಿಮ್ಮ ಸಿಸ್ಟಮ್‌ನ್ಯಾಗ ಮಳಿ ಐತೇನು?"

"ಇಲ್ರೀ."

"ಮಳೀನ ಇಲ್ಲದ ಊರಾಗ ಲಾವಣಿ ಹೆಂಗ ಮಾಡ್ತೀರಪಾ?"

ಹುಡುಗ ಕಾರಿನ ಬ್ಯಾಟರಿ ನೀರಿಗೆ ಹೆದರುವುದಿಲ್ಲವೆಂದೂ, ಐಪಿ67 ಎಂಬ ದರ್ಜೆಯದೆಂದೂ, ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಡೆಯುತ್ತದೆಂದೂ ಸಮಾಧಾನ ಹೇಳಿದನೆಂದು ಒಂದು ಪಾಠದಲ್ಲಿದೆ. ಅರ್ಧ ತಾಸಿನಲ್ಲಿ ಇಳಿದು ಹೋಗಬೇಕೆಂಬ ನಿಯಮವನ್ನು ಬೆಣ್ಣಿಹಳ್ಳಕ್ಕೆ ಯಾರು ತಿಳಿಸತಕ್ಕದ್ದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹಿರಿಯರ ಆಕ್ಷೇಪ ಹಗುರವಾದದ್ದಲ್ಲ. ಲಾವಣಿಯಲ್ಲಿ ರೊಕ್ಕದ ಮಾತು ಮೊದಲೇ ಆಗಿರುತ್ತದೆ ನಿಜ. ಆದರೆ ಮಳೆ ಕೈಕೊಟ್ಟ ವರ್ಷ ಹೊಲದವನ ಮನೆ ಕಟ್ಟೆಯ ಮೇಲೆ ಕೂತು "ಈ ಸಲ ಏನೂ ಬರಲಿಲ್ರೀ ಗೌಡ್ರ" ಎಂದು ಹೇಳಲು ಜಾಗ ಇರುತ್ತದೆ. ಗೌಡರು ಬೈದಾರು, ಅರ್ಧ ಬಿಟ್ಟಾರು, ಮುಂದಿನ ಸುಗ್ಗಿಗೆ ದೂಡಿಯಾರು. ಬ್ಯಾಟರಿಯ ಗೌಡರಿಗೆ ಕಟ್ಟೆಯೇ ಇಲ್ಲ. ತಿಂಗಳ ಐದನೇ ತಾರೀಖು ಖಾತೆಯಿಂದ ತಾವೇ ಎಳೆದುಕೊಳ್ಳುತ್ತಾರೆ. ಬರದ ನೀರಿಗೆ, ಕಾಲುವೆ ಮುಟ್ಟದ ಹೊಲಕ್ಕೆ ಅಭಿವೃದ್ಧಿ ಕರ ಕಟ್ಟು ಎಂದದ್ದಕ್ಕೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಎದ್ದು ನಿಂತರು, ಗೋಲಿಬಾರಾಯಿತು, ಜೀವಗಳು ಹೋದವು. ಅದು ಅಣಕದ ವಸ್ತುವಲ್ಲ. ಆ ಸೀಮೆಯಲ್ಲಿ ಓಡದ ಕಿಲೋಮೀಟರಿಗೆ ಬಾಡಿಗೆ ಕೇಳುವವರು ಆ ತಾರೀಖನ್ನು ಒಮ್ಮೆ ಓದಿಕೊಂಡು ಬರುವುದು ಒಳ್ಳೆಯದು ಎಂದಷ್ಟೇ ನಮ್ಮ ಅಭಿಪ್ರಾಯ.

ಕಲಘಟಗಿ ಪಂಥದವರದು ಇನ್ನೂ ಸೂಕ್ಷ್ಮವಾದ ವಾದ. ಕಲಘಟಗಿಯಿಂದ ಯಲ್ಲಾಪುರ ದಾಟಿ ಅಂಕೋಲೆಗೆ ಹೋಗುವಾಗ ಅರಬೈಲು ಘಟ್ಟ ಇಳಿಯಬೇಕಷ್ಟೆ. ಇಳಿಜಾರಿನಲ್ಲಿ ಈ ಕಾರು ಕರೆಂಟು ತಿನ್ನುವುದು ಬಿಟ್ಟು ತಾನೇ ಉತ್ಪಾದಿಸಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಬ್ಯಾಟರಿ ಕಂಪನಿಯದು, ತುಂಬಿದವರು ನಾವು. ಆದ್ದರಿಂದ ಘಟ್ಟದ ಉದ್ದಕ್ಕೂ ಕಿ.ಮೀ.ಗೆ ಮೂರೂವರೆ ರೂಪಾಯಿಯಂತೆ ಕಂಪನಿಯೇ ನಮಗೆ ಕೊಡತಕ್ಕದ್ದು. ವಾಪಸು ಹತ್ತುವಾಗಿನ ಪ್ರಶ್ನೆ ಕೇಳಿದರೆ, ಮೀನು ತಿಂದು ಬಸ್ಸಿಗೆ ಬರುತ್ತೇವೆ ಎನ್ನುತ್ತಾರೆ.

ಮೂರನೆಯ ಅಧ್ಯಾಯ: ವಿದ್ಯುತ್ ಪ್ರಕರಣ

ವಿಂಡ್ಸರಿನ ಈ ಬ್ಯಾಟರಿ 38 ಯುನಿಟ್ಟಿನದು. ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ತುಂಬಲು ಹನ್ನೆರಡು-ಹದಿನಾಲ್ಕು ತಾಸು. ಹೆದ್ದಾರಿಯ ದಪ್ಪ ಚಾರ್ಜರಿನಲ್ಲಿ ಒಂದು ತಾಸಿನ ಆಸುಪಾಸು. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ಮೊದಲನೆಯದನ್ನು ವಿಲಂಬಿತ, ಎರಡನೆಯದನ್ನು ದ್ರುತ ಎಂದು ವಿಂಗಡಿಸುವ ಪದ್ಧತಿ ಇರಬೇಕು ಎಂಬುದು ನಮ್ಮ ಊಹೆ. ಹೆಸ್ಕಾಂ ಕರೆಂಟು ಹೋದಾಗ ಬರುವ ಸಮ್‌ಗೆ ಹೆಸರಿಟ್ಟವರಿಲ್ಲ.

ಪಂಪ್‌ಸೆಟ್ಟಿನ ಲೈನಿನಿಂದ ಚಾರ್ಜು ಮಾಡಬಹುದೇ ಎಂಬ ಪ್ರಶ್ನೆಯನ್ನು ಎಲ್ಲರೂ ಪಿಸುಮಾತಿನಲ್ಲಿ ಕೇಳುತ್ತಾರೆ. 10 ಎಚ್‌ಪಿವರೆಗೆ ಅಲ್ಲಿ ಕರೆಂಟು ಪುಕ್ಕಟೆ, ನೀರೆತ್ತಲು ಮಾತ್ರ. ಕಾರು ನೀರೆತ್ತುವುದಿಲ್ಲ. ಚರ್ಚೆ ಮುಗಿಯಿತು.

ಗೃಹಜ್ಯೋತಿಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. 2023ರಿಂದ ಮನೆಗೆ ತಿಂಗಳಿಗೆ 200 ಯುನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ಪುಕ್ಕಟೆ ಕೊಡುತ್ತಾರೆ. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಈಗ ನೋಡಿ. ಬಾಡಿಗೆ ದಂಡವಾಗಬಾರದು ಎಂದರೆ ತಿಂಗಳಿಗೆ 1500 ಕಿ.ಮೀ. ಓಡಿಸಲೇಬೇಕು. ಒಮ್ಮೆ ತುಂಬಿದರೆ 331 ಕಿ.ಮೀ. ಓಡುತ್ತದೆಂಬ ಪ್ರಕಟಿತ ಅಂಕಿಯನ್ನು ವೇದವಾಕ್ಯವೆಂದು ಒಪ್ಪಿದರೂ ಅದಕ್ಕೆ 172 ಯುನಿಟ್ ಬೇಕು. ಮನೆಯ ಫ್ಯಾನು, ಟಿವಿ, ಮಿಕ್ಸರ್‌ಗೆ ಒಂದು ಅರವತ್ತು ಹಿಡಿಯಿರಿ. ಒಟ್ಟು 232. ಬಾಡಿಗೆಯ ಕನಿಷ್ಠ ಮಿತಿಯೂ ಗೃಹಜ್ಯೋತಿಯ ಗರಿಷ್ಠ ಮಿತಿಯೂ ಒಂದೇ ಸೂರಿನಡಿ ಬಾಳಲಾರವು ಎಂಬ ಈ ಪ್ರಮೇಯವನ್ನು ನಾವೇ ಮೊದಲು ಕಂಡುಹಿಡಿದೆವೆಂದು ವಿನಯದಿಂದ ದಾಖಲಿಸುತ್ತೇವೆ.

ಇದೇ ಸೂರಿನಡಿ ಇರುವ ಮನೆಯಾಕೆ ಈ ಲೆಕ್ಕವನ್ನೆಲ್ಲ ಕೇಳಿ, ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು, ಶಕ್ತಿ ಯೋಜನೆಯ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಸೀರೆ ತಗೊಂಡು ಬಂದಳು. ಕಿ.ಮೀ.ಗೆ ಸೊನ್ನೆ ರೂಪಾಯಿ, ಕನಿಷ್ಠ ಓಟ ಸೊನ್ನೆ, ಡ್ರೈವರ್ ಸಹಿತ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಈ ಲೀಸನ್ನು ಹಿಂದಿಕ್ಕುವ ಯೋಜನೆ ನಮ್ಮ ಅಧ್ಯಯನದಲ್ಲಿ ಸಿಗಲಿಲ್ಲ. ಗಂಡಸರಿಗೆ ಅನ್ವಯವಾಗದಿರುವುದರಿಂದ ಪ್ರಬಂಧ ಮುಂದುವರಿಯುತ್ತದೆ.

ನಾಲ್ಕನೆಯ ಅಧ್ಯಾಯ: ಒಡೆತನ ವಿಚಾರ

ಲೀಸಿನ ಬಾಡಿಗೆಯ ಲೆಕ್ಕ ಕಟ್ಟುವುದು ಒಂದು ಸರಳ ಸೂತ್ರದ ಮೇಲೆ: ಇವತ್ತಿನ ಬೆಲೆಯಲ್ಲಿ ಕರಾರು ಮುಗಿದ ದಿನದ ಬೆಲೆ ಕಳೆದು, ತಿಂಗಳುಗಳಿಗೆ ಹಂಚಿ, ಬಡ್ಡಿ ಸೇರಿಸು. ಹೊಸದಾಗಿ ಬಂದ ಕರೆಂಟಿನ ಕಾರಿಗೆ ಆ ಕೊನೆಯ ದಿನದ ಬೆಲೆ ಹೇಳಬಲ್ಲ ಗಂಡು ಯಾರೂ ಹುಟ್ಟಿಲ್ಲ. ಮೂರು ವರ್ಷದಲ್ಲಿ ಇದಕ್ಕಿಂತ ದೂರ ಓಡುವ, ಇದಕ್ಕಿಂತ ಸೋವಿಯ ಬ್ಯಾಟರಿ ಬಂದರೆ ಹಳೆಯದನ್ನು ಕೇಳುವವರಿರುವುದಿಲ್ಲ. ಆ ನಷ್ಟ ಒಡೆಯನ ತಲೆಗೆ ಬೀಳುವುದೇ ಪೂರ್ತಿ ಲೀಸಿನ ನಿಜವಾದ ಲಾಭ. ಅದಕ್ಕಾಗಿ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ತಪ್ಪಲ್ಲ. ಬ್ಯಾಟರಿ ಮಾತ್ರ ಬಾಡಿಗೆಗೆ ಹಿಡಿದವನಿಗೆ ಈ ಲಾಭ ಅರ್ಧವೇ, ದೇಹದ ನಷ್ಟ ಅವನದೇ. ಬಿಡುಗಡೆಯ ತಿಂಗಳಲ್ಲಿ ಹಾರ ಹಾಕಿಸಿಕೊಂಡು ಕೀಲಿ ತೆಗೆದುಕೊಳ್ಳುವವನಿಗೆ ದರ ಇಳಿಯುವುದಿಲ್ಲ. ಡಿಸೆಂಬರಿನಲ್ಲಿ, ತಯಾರಾದ ವರ್ಷ ಹಳತಾಗುವ ಭಯ ಶೋರೂಮಿನವರನ್ನು ಹಿಡಿದಾಗ, ಕಡಲೆ ಹೂ ಬಿಟ್ಟಿರುವಾಗ ಹೋಗಬೇಕು.

ಒಡೆತನದ ಬಗ್ಗೆ ನವಲಗುಂದದ ವಕೀಲಿ ಪಂಥದವರು ಒಂದು ಧೀರ ಪ್ರಯತ್ನ ಮಾಡಿದ್ದಾರೆ. ಉತಾರದ 9ನೇ ಕಾಲಂನಲ್ಲಿ ಒಡೆಯ, 12ರಲ್ಲಿ ಸಾಗುವಳಿ ಮಾಡುವವ. 1974ರ ತಿದ್ದುಪಡಿಯ ನಂತರ ಫಾರ್ಮ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟ ಗೇಣಿದಾರರು ಒಡೆಯರಾದರು. ಉಳುವವನೇ ಒಡೆಯ ಎಂದಾದರೆ ಓಡಿಸುವವನೇಕೆ ಒಡೆಯನಲ್ಲ? ತಾರ್ಕಿಕವಾಗಿ ಇದಕ್ಕೆ ಉತ್ತರವಿಲ್ಲ. ತಾಂತ್ರಿಕವಾಗಿ ಇದೆ: ಫಾರ್ಮ್ 7 ಕೊಡುವ ಕೊನೆಯ ದಿನ 1979ರ ಜೂನ್ 30ಕ್ಕೇ ಮುಗಿದಿದೆ, ಕಾರು ಬಂದದ್ದು ತಡವಾಯಿತು.

ಅನುಬಂಧ: ಮಾದರಿ ಕರಾರು

ಹೀಗಾಗಿ ಹಿರಿಯರು ತಾವೇ ಒಂದು ಕರಾರು ಬರೆಸಿಕೊಂಡು ಶೋರೂಮಿಗೆ ಹೋದರು. ಬಾಡಿಗೆ ತಿಂಗಳಿಗಲ್ಲ, ವರ್ಷಕ್ಕೆ ಎರಡು ಕಂತು, ಹೆಸರು ಮಾರಿದ ಮೇಲೊಂದು, ಕಡಲೆ ಮಾರಿದ ಮೇಲೊಂದು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಬಂದ ದಿನಗಳು ಲೆಕ್ಕಕ್ಕಿಲ್ಲ. ಸರ್ಕಾರ ತಾಲೂಕನ್ನು ಬರಪೀಡಿತವೆಂದು ಸಾರಿದರೆ ಕನಿಷ್ಠ ಕಿ.ಮೀ. ಅರ್ಧ. ರಾಮಲಿಂಗ ಕಾಮಣ್ಣನ ಹೋಳಿ ಹಬ್ಬದಲ್ಲಿ ಕಾರಿಗೆ ಬಿದ್ದ ಬಣ್ಣವನ್ನು ಡೆಂಟು-ಸ್ಕ್ರ್ಯಾಚು ಎಂದು ಬರೆದುಕೊಳ್ಳತಕ್ಕದ್ದಲ್ಲ. ಕೊನೆಗೆ ತಪ್ಪಿ ನಡೆದವರಿಗೆ ಶಿಕ್ಷೆ. ಬೌನ್ಸ್ ಚಾರ್ಜು ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ; ಅಮೃತೇಶ್ವರ ಗುಡಿಯ ಊರಾದ ಅಣ್ಣಿಗೇರಿಯ ಬೀಗರಾದ ಅವರು ಹಳೆಯ ದಾನಶಾಸನಗಳ ರೂಢಿಯಂತೆ, ಮಾತು ಮುರಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟತಕ್ಕದ್ದು ಎಂದು ಬರೆಸಿದ್ದರು.

ಹುಡುಗ ಪೂರ್ತಿ ಓದಿದ. ಕ್ಯಾಲ್ಕುಲೇಟರ್ ತೆಗೆದ, ಒತ್ತಿ ನೋಡಿದ, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ.

"ಅರವತ್ತು ಸಾವಿರ ವರ್ಷ ಆಗಂಗಿಲ್ರೀ ಅಜ್ಜಾರ. ನಮ್ಮಲ್ಲಿ ಟೆನ್ಯೂರ್ ಎಂಟ ವರ್ಷದ ಮ್ಯಾಲ ಕೊಡಂಗಿಲ್ಲ."